ಪರದೆಯ ಈಚೆ ಕಡೆಯ ಕೆಲಸ

ಪರದೆಯ ಹಿಂದಿನ ಕೋಣೆಗೆ ಬಿಡುವ ಕೆಂಪು ಪಟ್ಟಿಯ ಬ್ಯಾಡ್ಜ್ ನಮ್ಮ ವಿಭಾಗಕ್ಕೆ ಒಂದೇ ಇತ್ತು. ನಿರ್ದೇಶಕರು ಅದನ್ನು ಮೇಜಿನ ನಡುವೆ ಇಟ್ಟರು. ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಆಮೇಲೆ ಅವರು ಒಂದು ಬೆರಳಿನಿಂದ ಅದನ್ನು ನನ್ನ ಪಕ್ಕದ ಕಿರಿಯ ಸಹೋದ್ಯೋಗಿಯ ಕಡೆಗೆ ತಳ್ಳಿದರು.

"ನಿಮ್ಮ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ," ಎಂದು ನನಗೆ ಹೇಳಿದರು. ಅವರು ಎಮಿರಾತಿ, ಅಂದರೆ ಆ ದೇಶದವರೇ, ಮೃದು ಸ್ವಭಾವದವರು. ಕೆಟ್ಟ ಸುದ್ದಿ ಹೇಳುವಾಗ ಅವರ ಇಂಗ್ಲಿಷ್ ಇನ್ನಷ್ಟು ಮೆತ್ತಗಾಗುತ್ತಿತ್ತು. "ಇದಕ್ಕೂ ನಿಮ್ಮ ಕೆಲಸಕ್ಕೂ ಸಂಬಂಧವಿಲ್ಲ."

ಮತ್ಯಾವುದಕ್ಕೆ ಸಂಬಂಧ ಎಂದು ನಾನು ಕೇಳಲಿಲ್ಲ. ಕಾರಣ ಹೇಳುವ ಪದ್ಧತಿ ಅಲ್ಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಭದ್ರತಾ ಅಧಿಕಾರಿ ಮಾತ್ರ ಒಂದು ವಿಷಯವನ್ನು ಎರಡು ಸಲ ಹೇಳಿದರು: ಪರದೆಯ ಒಳಗಿನ ಯಾವ ಸಂಗತಿ ಹೊರಗೆ ತಿಳಿದರೂ ಬ್ಯಾಡ್ಜ್ ಇದ್ದವರೇ ಹೊಣೆ. ಬ್ಯಾಡ್ಜ್ ಹೋಗುತ್ತದೆ, ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ವೀಸಾ ಹೋಗುತ್ತದೆ. ಅವಳು ತಲೆಯಾಡಿಸಿ, ಅರೇಬಿಕ್‌ನಲ್ಲಿ ಏನೋ ಹೇಳಿದಳು. ಇಬ್ಬರು ಗಂಡಸರೂ ನಕ್ಕರು. ನಾನೂ ನಕ್ಕೆ, ಅರ್ಥವಾಗದಿದ್ದರೂ.

ಅಬುಧಾಬಿಯ ಹೊರವಲಯದ ಆ ಜೋಡಣಾ ಕೇಂದ್ರದಲ್ಲಿ ನನ್ನ ಕೆಲಸ ಉಪಗ್ರಹವನ್ನು ನೌಕೆಗೆ ಕಟ್ಟುವುದು ಮತ್ತು ಸಮಯ ಬಂದಾಗ ಅದು ಬಿಟ್ಟುಕೊಳ್ಳುವಂತೆ ಮಾಡುವುದು. ಉಪಗ್ರಹದ ಅಡಿಯಲ್ಲಿ ಒಂದು ಅಲ್ಯೂಮಿನಿಯಂ ಉಂಗುರವಿರುತ್ತದೆ, ನೌಕೆಯ ಮೇಲೆ ಇನ್ನೊಂದು. ಎರಡರ ಅಂಚನ್ನೂ ಕೂಡಿಸಿ ಸುತ್ತಲೂ ಉಕ್ಕಿನ ಪಟ್ಟಿಯೊಂದನ್ನು ಬಿಗಿಯುತ್ತೇವೆ. ಬಾಹ್ಯಾಕಾಶದಲ್ಲಿ ಆ ಪಟ್ಟಿಯ ಬೀಗ ತೆರೆದುಕೊಂಡರೆ ಸ್ಪ್ರಿಂಗುಗಳು ಉಪಗ್ರಹವನ್ನು ಮೆಲ್ಲಗೆ ಆಚೆ ನೂಕುತ್ತವೆ. ಬಿಗಿತ ಕಡಿಮೆಯಾದರೆ ಉಡಾವಣೆಯ ನಡುಕಕ್ಕೆ ಉಂಗುರಗಳ ನಡುವೆ ಸಂದು ಬಿಡುತ್ತದೆ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸಿಕ್ಕಿಕೊಂಡರೆ ಉಪಗ್ರಹ ಓರೆಯಾಗಿ ನೇತಾಡುತ್ತದೆ.

ಮನುಷ್ಯರಿಲ್ಲದ ರಾಕೆಟ್ಟಿನಲ್ಲಿ ಹಾಗಾದರೆ ಉಪಗ್ರಹವಷ್ಟೇ ಹಾಳು. ಈ ಸಲದ ಮಾತು ಬೇರೆ ಇತ್ತು. ಗಗನಯಾತ್ರಿಗಳಿರುವ ನೌಕೆಯ ಹಿಂಭಾಗದ ತೆರೆದ ಡಬ್ಬಿಯಲ್ಲಿ ಸೇನೆಯ ಉಪಗ್ರಹ ಹೋಗಬೇಕಿತ್ತು. ಕಕ್ಷೆಗೆ ತಲುಪಿದ ಮೇಲೆ ಯಾತ್ರಿಗಳೇ ಗುಂಡಿ ಒತ್ತಿ ಅದನ್ನು ಬಿಟ್ಟು, ಕೊನೆಗೆ ಆ ಡಬ್ಬಿಯನ್ನೂ ಕಳಚಿ ಮನೆಗೆ ಮರಳಬೇಕು. ಉಪಗ್ರಹ ಒಳಗೇ ಸಿಕ್ಕಿಕೊಂಡಿದ್ದರೆ ಡಬ್ಬಿಯನ್ನು ಸುರಕ್ಷಿತವಾಗಿ ಕಳಚಲು ಬರುವುದಿಲ್ಲ. ಅಂದರೆ ಅವರು ಮರಳುವುದೂ ನನ್ನ ಪಟ್ಟಿಯ ಮೇಲೇ ನಿಂತಿತ್ತು.

ಆ ಉಪಗ್ರಹ ಏನು, ಯಾತಕ್ಕೆ ಎಂಬುದು ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ. ಅದರ ತೂಕ, ಅದರ ಗುರುತ್ವ ಕೇಂದ್ರ, ಉಂಗುರದ ಅಳತೆ ಇಷ್ಟನ್ನು ಕೊಟ್ಟಿದ್ದರು. ಅಷ್ಟೇ ತೂಕದ ಲೋಹದ ದಿಮ್ಮಿಯೊಂದನ್ನು ಮಾಡಿಸಿ ನಾನು ಪ್ರಯೋಗ ನಡೆಸುತ್ತಿದ್ದೆ. ನಿಜವಾದದ್ದು ಜೋಡಣೆಯ ಹಾಲ್‌ನ ಆ ತುದಿಯಲ್ಲಿ, ನೆಲದಿಂದ ಮೇಲ್ಛಾವಣಿಯವರೆಗೆ ಇಳಿಬಿಟ್ಟ ದಪ್ಪ ಕಪ್ಪು ಪರದೆಯ ಹಿಂದೆ, ಬೇರೆಯದೇ ಗೋಡೆ ಕಟ್ಟಿದ ಕೋಣೆಯಲ್ಲಿತ್ತು. ಪಟ್ಟಿಯನ್ನು ವಿನ್ಯಾಸ ಮಾಡಿದ್ದು ನಾನು. ಅದನ್ನು ನಿಜವಾದ ಉಪಗ್ರಹಕ್ಕೆ ಬಿಗಿಯುವವಳು, ಗಗನಯಾತ್ರಿಗಳಿಗೆ ತರಬೇತಿ ಕೊಡುವವಳು, ಅದರ ಜೊತೆ ಉಡಾವಣಾ ನೆಲೆಗೆ ಹೋಗುವವಳು ಅವಳು.

ಅವಳಿಗೆ ಪಟ್ಟಿ ಬಿಗಿಯಲು ಕಲಿಸಿದ್ದೂ ನಾನೇ. ಅವಳು ಕೆಲಸಕ್ಕೆ ಸೇರಿದಾಗ ಇಡೀ ಕೇಂದ್ರದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನಾನು ವಿಜಯಪುರದವಳು. ಅವಳು ಉಳ್ಳಾಲದ ಕಡೆಯ ಬ್ಯಾರಿ ಮನೆತನದ ಹುಡುಗಿ, ಬೆಳೆದದ್ದು ಅಲ್ ಐನ್‌ನಲ್ಲಿ. ತಂದೆಗೆ ಅಲ್ಲಿ ಬಟ್ಟೆ ಅಂಗಡಿಯಿತ್ತು. ಅಂಗಡಿಯಲ್ಲೇ ಕೂತು ಕಲಿತ ಅವಳ ಅರೇಬಿಕ್ ನೀರಿನ ಹಾಗೆ ಹರಿಯುತ್ತಿತ್ತು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಮ್ಮ ಮನೆಗಳು ಹತ್ತಿರ ಹತ್ತಿರ ಇದ್ದುದರಿಂದ ನನ್ನ ಕಾರಿನಲ್ಲೇ ಬರುತ್ತಿದ್ದಳು. ದಾರಿಯುದ್ದಕ್ಕೂ ಮಾತು. ಬ್ಯಾಡ್ಜ್ ಸಿಕ್ಕ ಮೇಲೂ ನನ್ನ ಕಾರಿನಲ್ಲೇ ಬಂದಳು. ಮಾತು ಮಾತ್ರ ನಿಂತಿತು.

"ಎಂತ ಅಕ್ಕ, ಸಪ್ಪೆ ಇದ್ದೀರಿ?" ಎಂದು ಒಂದು ದಿನ ಕೇಳಿದಳು.

"ಏನಿಲ್ಲ, ಟ್ರಾಫಿಕ್ ಭಾಳ ಐತಿ," ಎಂದೆ. ರಸ್ತೆ ಖಾಲಿ ಇತ್ತು.

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಆ ತಿಂಗಳುಗಳಲ್ಲಿ ತಿಳಿಯಿತು. ಅದು ದೊಡ್ಡ ವಿಷಯಗಳಿಗೆ ಹುಟ್ಟಿ ಸಣ್ಣ ವಿಷಯಗಳನ್ನು ತಿಂದು ಬೆಳೆಯುತ್ತದೆ. ಅವಳು ಪರದೆ ಸರಿಸಿ ಒಳಗೆ ಹೋಗುವಾಗ ಹಿಂತಿರುಗಿ ನೋಡುತ್ತಿರಲಿಲ್ಲ ಎಂಬುದು ನನ್ನನ್ನು ಉರಿಸುತ್ತಿತ್ತು. ಯಾವತ್ತಾದರೂ ಹಿಂತಿರುಗಿ ನೋಡಿ ಕೈ ಬೀಸಿದರೆ ಅದು ಇನ್ನೂ ಉರಿಸುತ್ತಿತ್ತು. ಕಾವಲಿನವನು ಅವಳಿಗೆ ಎದ್ದು ನಿಲ್ಲುತ್ತಿದ್ದುದನ್ನು ಕಂಡು, ನನಗೂ ಮೊದಲು ಹಾಗೇ ನಿಲ್ಲುತ್ತಿದ್ದನೇ ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದೆ.

ಮೂವರು ಗಗನಯಾತ್ರಿಗಳೂ ಒಂದು ಬೆಳಿಗ್ಗೆ ಬಂದರು. ಬಿಡುಗಡೆಯ ವ್ಯವಸ್ಥೆಯನ್ನು ಅವರಿಗೆ ನನ್ನ ದಿಮ್ಮಿಯ ಮೇಲೆಯೇ ತೋರಿಸಬೇಕಿತ್ತು. ನಾನು ಪಟ್ಟಿ, ಬೀಗ, ಸ್ಪ್ರಿಂಗುಗಳನ್ನು ವಿವರಿಸಿದೆ. ಅವರ ತಂಡದ ಮುಖ್ಯಸ್ಥೆ ಎಲ್ಲ ಕೇಳಿಸಿಕೊಂಡು, "ಇದು ಅರ್ಧ ಬಿಟ್ಟು ನಿಂತರೆ ನಾವೇನು ಮಾಡಬೇಕು?" ಎಂದರು.

"ಹಾಗೆ ನಿಲ್ಲುವುದಿಲ್ಲ," ಎಂದೆ ನಾನು.

ಅಷ್ಟರಲ್ಲಿ ಅವಳು ಮುಂದೆ ಬಂದು, ಎರಡನೆಯ ಬೀಗಕ್ಕೆ ಬೇರೆ ದಾರಿಯಿಂದ ವಿದ್ಯುತ್ ಕೊಡುವುದು ಹೇಗೆ, ಅದೂ ಕೆಲಸ ಮಾಡದಿದ್ದರೆ ನೌಕೆಯನ್ನು ಯಾವ ಕಡೆ ತಿರುಗಿಸಿ ಬಿಸಿಲಿಗೆ ಒಡ್ಡಬೇಕು, ಎಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸಬೇಕು ಎಂದು ಒಂದೊಂದಾಗಿ ಹೇಳಿದಳು. ಮುಖ್ಯಸ್ಥೆ ಅವಳ ಭುಜ ಮುಟ್ಟಿ ಥ್ಯಾಂಕ್ಸ್ ಹೇಳಿದರು. ಅವಳು ಹೇಳಿದ ಆ ಕ್ರಮವನ್ನೆಲ್ಲ ನಾವಿಬ್ಬರೂ ಕೂಡಿ ನನ್ನ ಮನೆಯ ಊಟದ ಮೇಜಿನ ಮೇಲೆ ರೂಪಿಸಿದ್ದೆವು. ಸುಳ್ಳು ಭರವಸೆ ಕೊಟ್ಟವಳಾಗಿ ನಾನು ಹಿಂದೆ ನಿಂತೆ.

ನಿಜವಾದ ಉಪಗ್ರಹಕ್ಕೆ ಪಟ್ಟಿ ಬಿಗಿದ ಮೇಲೆ ತೊಂದರೆ ಶುರುವಾಯಿತು. ಪಟ್ಟಿಯ ಸುತ್ತಲೂ ಬಿಗಿತ ಅಳೆಯುವ ಸಂವೇದಕಗಳನ್ನು ಅಂಟಿಸಿರುತ್ತೇವೆ. ಅವುಗಳ ಅಂಕಿಗಳನ್ನು ಭದ್ರತೆಯವರು ಸೋಸಿ ನನಗೆ ಕಳಿಸುತ್ತಿದ್ದರು. ಬಿಗಿತ ಬಿಟ್ಟರೆ ಉಳಿದದ್ದೆಲ್ಲ ತೆಗೆದುಹಾಕಿರುತ್ತಿದ್ದರು. ಸಂಜೆಗೆ ಸುತ್ತಲೂ ಸಮನಾಗಿದ್ದ ಬಿಗಿತ ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲಿಗೆ ಇಳಿದಿತ್ತು.

ಸಂವೇದಕ ಬದಲಿಸಿದೆವು. ತಂತಿಗಳನ್ನು ಅದಲುಬದಲು ಮಾಡಿದೆವು. ಇಳಿಯುವ ಮಗ್ಗುಲು ಅದೇ. ಹೊರಗೆ ನನ್ನ ದಿಮ್ಮಿಗೆ ಬಿಗಿದ ಅಂಥದೇ ಪಟ್ಟಿ ಮಾತ್ರ ಕೂದಲಷ್ಟೂ ಸಡಿಲಾಗಿರಲಿಲ್ಲ.

ನಿರ್ದೇಶಕರು ಸಭೆ ಕರೆದರು. ಉಡಾವಣಾ ನೆಲೆಗೆ ಸಾಗಿಸುವ ದಿನ ಹತ್ತಿರವಾಗಿತ್ತು. "ಪಟ್ಟಿ ಒಂದೇ, ಉಂಗುರ ಒಂದೇ. ವ್ಯತ್ಯಾಸ ಎಲ್ಲಿದೆ?" ಎಂದು ಕೇಳಿದರು.

"ಬಿಗಿದವರು ಬೇರೆ," ಎಂದೆ.

ಬಿಗಿಯುವಾಗ ಪಟ್ಟಿಯನ್ನು ಸುತ್ತಲೂ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಇಲ್ಲದಿದ್ದರೆ ಘರ್ಷಣೆಯಿಂದ ಒಂದು ಕಡೆ ಬಿಗಿತ ಸಿಕ್ಕಿಹಾಕಿಕೊಂಡು ಆಮೇಲೆ ಜಾರುತ್ತದೆ. ಅವಸರದಲ್ಲಿ ಅದನ್ನು ಬಿಟ್ಟಿರಬಹುದು ಎಂದು ವಿವರಿಸಿದೆ. ತಾಂತ್ರಿಕವಾಗಿ ಅದು ತಪ್ಪಾದ ಊಹೆಯಲ್ಲ. ಆದರೆ ಹೇಳುವಾಗ ನನ್ನೊಳಗೆ ಎದ್ದ ಖುಷಿಗೂ ತಂತ್ರಜ್ಞಾನಕ್ಕೂ ಏನೂ ಸಂಬಂಧವಿರಲಿಲ್ಲ.

ಹೊರಗೆ ಬಂದಾಗ ಅವಳು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು: "ನೀವು ಹೇಳಿಕೊಟ್ಟ ಹಾಗೆಯೇ ತಟ್ಟಿದ್ದೇನೆ ಅಕ್ಕ. ಒಂದು ಸುತ್ತು ಸಹ ಬಿಡಲಿಲ್ಲ."

"ಹಂಗಾದ್ರ ಒಳಗ ಏನ್ ಬ್ಯಾರೆ ಐತಿ, ಹೇಳು."

ಅವಳು ಬ್ಯಾಡ್ಜನ್ನು ಒಮ್ಮೆ ಮುಟ್ಟಿಕೊಂಡಳು. "ಹೇಳ್ಲಿಕ್ಕೆ ಆಗುದಿಲ್ಲ."

ಮತ್ತೆ ಬಿಚ್ಚಿ ಬಿಗಿದರು. ಈ ಸಲ ಪರೀಕ್ಷಕನೊಬ್ಬ ಪಕ್ಕದಲ್ಲೇ ನಿಂತು ಪ್ರತಿ ಏಟನ್ನೂ ನೋಡಿದ. ಮತ್ತೆ ಇಳಿಯಿತು. ಈಗ ನಾನು ಅಂಕಿಗಳನ್ನು ಗೆರೆ ಎಳೆದು ನೋಡಿದೆ. ಪಟ್ಟಿ ಜಾರಿದ್ದರೆ ಬಿಗಿತ ಒಮ್ಮೆಲೇ ಬೀಳಬೇಕು. ಇದು ಹಾಗಿರಲಿಲ್ಲ. ಮೆಲ್ಲಗೆ ಇಳಿಯುತ್ತ ಹೋಗಿ, ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಎರಡು ಸಲವೂ ಅದೇ ಮಟ್ಟ. ಬಿಗಿದವರ ಕೈಯ ತಪ್ಪು ಹೀಗಿರುವುದಿಲ್ಲ. ಅಷ್ಟು ತಿಳಿದರೂ ಅದನ್ನು ಯಾರಿಗೂ ಹೇಳಲು ನನ್ನ ಮನಸ್ಸು ಅವಸರ ಮಾಡಲಿಲ್ಲ.

ಆ ದಿನಗಳಲ್ಲಿ ನಾನು ಅವಳನ್ನು ನೋಡುತ್ತಿದ್ದಷ್ಟು ಬೇರೆ ಯಾರನ್ನೂ ನೋಡಿಲ್ಲ. ಏನು ಉಟ್ಟಳು, ಯಾರ ಜೊತೆ ನಕ್ಕಳು, ಎಷ್ಟು ಹೊತ್ತು ಒಳಗಿದ್ದಳು. ಇತ್ತೀಚೆಗೆ ಅವಳ ಚೀಲದಲ್ಲಿ ದಪ್ಪ ಉಣ್ಣೆಯ ಸ್ವೆಟರೊಂದು ಇರುತ್ತಿತ್ತು. ಸುಡುವ ಬೇಸಿಗೆಯಲ್ಲಿ ಸ್ವೆಟರ್ ಯಾಕೆ? ಪ್ರವಾಸಕ್ಕೆ ಈಗಲೇ ತಯಾರಿ, ಉಡಾವಣಾ ನೆಲೆಯಲ್ಲಿ ಚಳಿ ಇರುತ್ತದೆಂದು ಕೊಂಡಿದ್ದಾಳೆ ಎಂದುಕೊಂಡು ಆ ಸ್ವೆಟರಿಗೂ ಕರುಬಿದ್ದೆ.

ಒಂದು ಮಧ್ಯಾಹ್ನ ಅವಳು ಒಳಗಿನಿಂದ ನೇರವಾಗಿ ಚಹಾ ಕೋಣೆಗೆ ಬಂದಳು. ನಾನು ಕಡಕ್ ಚಹಾ ತುಂಬಿಸಿಕೊಂಡು ನಿಂತಿದ್ದೆ. ನನಗೆಂದು ತುಂಬಿಸಿದ ಲೋಟವನ್ನೇ ಅವಳಿಗೆ ಕೊಟ್ಟೆ. ಸಿಟ್ಟಿದ್ದರೂ ಆ ರೂಢಿ ಹೋಗಿರಲಿಲ್ಲ. ತೆಗೆದುಕೊಳ್ಳುವಾಗ ಅವಳ ಬೆರಳು ನನ್ನ ಕೈಗೆ ತಾಗಿತು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ತಣ್ಣಗಿತ್ತು. ಉಗುರು ನೀಲಿಗಟ್ಟಿತ್ತು. ಎರಡೂ ಅಂಗೈಯಲ್ಲಿ ಲೋಟ ಹಿಡಿದು, ಕುಡಿಯದೆ, ಹಬೆಯನ್ನು ಮುಖಕ್ಕೆ ತೆಗೆದುಕೊಳ್ಳುತ್ತ ನಿಂತಳು.

ಚಹಾ ಕೋಣೆಯಿಂದ ನನ್ನ ಮೇಜಿನವರೆಗೆ ನಡೆಯುವಷ್ಟರಲ್ಲಿ ನನಗೆ ಎಲ್ಲ ಹೊಳೆದಿತ್ತು. ಅಲ್ಯೂಮಿನಿಯಂ ಚಳಿಗೆ ಹೆಚ್ಚು ಕುಗ್ಗುತ್ತದೆ, ಉಕ್ಕು ಕಡಿಮೆ. ಉಂಗುರ ಕುಗ್ಗಿ, ಪಟ್ಟಿ ಕುಗ್ಗದಿದ್ದರೆ ಬಿಗಿತ ಇಳಿಯಲೇಬೇಕು. ಒಳಗೆ ಏನನ್ನೋ ಸದಾ ತಣ್ಣಗೆ ಇಡುತ್ತಿದ್ದಾರೆ, ಅದು ಉಪಗ್ರಹದ ಒಂದು ಮಗ್ಗುಲಿನಲ್ಲಿದೆ. ಹಾಗಿದ್ದರೆ ಉಡಾವಣೆಯ ಹೊತ್ತಿಗೂ ಅದನ್ನು ತಣ್ಣಗೇ ಇಡುತ್ತಾರೆ. ಅತಿ ಹೆಚ್ಚು ನಡುಗುವ ನಿಮಿಷಗಳಲ್ಲಿ ಪಟ್ಟಿ ಅದೇ ಮಗ್ಗುಲಿನಲ್ಲಿ ಸಡಿಲಾಗಿರುತ್ತದೆ. ಈಗ ಆ ಹಾರಾಟ ಮುಗಿದು, ತಂಪಿನ ವಿಷಯ ಪತ್ರಿಕೆಗಳಲ್ಲೂ ಬಂದಿರುವುದರಿಂದ ಇದನ್ನೆಲ್ಲ ಬರೆಯುತ್ತಿದ್ದೇನೆ. ಅಂದು ಅದು ಪರದೆಯೊಳಗಿನ ಗುಟ್ಟು.

ಮನೆಯಲ್ಲಿ ನಾನು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದನ್ನು ನೋಡಿ ಗಂಡ, "ಯಾಕ, ಊಟ ಸೇರವಲ್ದೇನು?" ಎಂದರು. ಅವರು ಡಾಕ್ಟರ್, ನನ್ನ ಕೆಲಸದ ವಿವರ ಕೇಳುವವರಲ್ಲ.

"ಒಂದು ಮಾತು ಹೇಳಿದ್ರ ಒಬ್ಬಾಕಿ ಕೆಲಸ ಹೋಗ್ತದ್ರಿ. ಹೇಳಲಿಲ್ಲ ಅಂದ್ರ ಇನ್ನೂ ದೊಡ್ಡದು ಹೋಗ್ತದ."

"ಖರೆ ಇದ್ದದ್ದು ಹೇಳು. ಅದರಾಗ ತಪ್ಪೇನೈತಿ?"

"ಖರೇನ ಐತಿ. ಅದಕ್ಕ ಅಂಜಿಕಿ."

ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ. ಮರುದಿನ ನಾನು ನಿರ್ದೇಶಕರ ಕೋಣೆಗೆ ಹೋಗಿ "ಒಳಗೆ ತಣ್ಣಗಿದೆ, ಅದೇ ಕಾರಣ" ಎಂದರೆ ಸಾಕು. ಭದ್ರತಾ ಅಧಿಕಾರಿ ಮೊದಲು ಕೇಳುವ ಪ್ರಶ್ನೆ, ನಿನಗೆ ಯಾರು ಹೇಳಿದರು ಎಂಬುದು. ಬೆರಳು ತಾಗಿ ತಿಳಿಯಿತು ಎಂದರೆ ಯಾರು ನಂಬುತ್ತಾರೆ? ಇಬ್ಬರೂ ಒಂದೇ ಕಾರಿನಲ್ಲಿ ಬರುವವರು, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವವರು. ನಾನು ಸುಳ್ಳು ಹೇಳಬೇಕಿರಲಿಲ್ಲ, ಅವಳ ಮೇಲೆ ದೂರು ಹೇಳಬೇಕಿರಲಿಲ್ಲ. ಯಾತ್ರಿಗಳ ಜೀವ ಉಳಿಸಿದ ಹೆಸರೂ ಬರುತ್ತಿತ್ತು. ಬ್ಯಾಡ್ಜ್ ತಾನಾಗಿ ತೆರವಾಗುತ್ತಿತ್ತು. ಆ ಪಟ್ಟಿ ಬಲ್ಲ ಇನ್ನೊಬ್ಬಳು ಅಲ್ಲಿ ನಾನೊಬ್ಬಳೇ.

ಉಡಾವಣಾ ನೆಲೆಯಲ್ಲಿ ನಾನು ನಿಂತಿರುವುದನ್ನು ಕಲ್ಪಿಸಿಕೊಂಡೆ. ಅವಳ ಸ್ವೆಟರಿನಂಥದೇ ಸ್ವೆಟರ್ ಹಾಕಿಕೊಂಡಿದ್ದೆ. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ, ಅದರಿಂದ ಹೊರಬರಲು ನನಗೆ ನಿಜಕ್ಕೂ ಕಷ್ಟವಾಯಿತು.

ಬೆಳಿಗ್ಗೆ ನಿರ್ದೇಶಕರ ಕೋಣೆಯಲ್ಲಿ ಭದ್ರತಾ ಅಧಿಕಾರಿಯೂ ಇದ್ದರು. ನಾನು ಕುಳಿತು ಹೇಳಿದೆ: "ನನ್ನ ಪರೀಕ್ಷಾ ಯೋಜನೆ ಅಪೂರ್ಣವಾಗಿದೆ. ಉಡಾವಣಾ ವೇದಿಕೆಯ ಮೇಲೆ ಯಾವ ಉಪಗ್ರಹಕ್ಕಾದರೂ ಒಂದು ಬದಿಯಿಂದ ಕೊಳವೆಯಲ್ಲಿ ತಂಪುಗಾಳಿ ಹಾಯಿಸುತ್ತಾರೆ. ಉಂಗುರ ಒಂದೇ ಬದಿಗೆ ತಣ್ಣಗಾದರೆ ಪಟ್ಟಿ ಹೇಗಿರುತ್ತದೆ ಎಂದು ನಾನು ನೋಡಿಲ್ಲ. ದಿಮ್ಮಿಯ ಮೇಲೆ ಆ ಪರೀಕ್ಷೆ ಮಾಡಬೇಕು. ಅದು ಮುಗಿಯುವವರೆಗೆ ನಾನು ಒಪ್ಪಿಗೆಯ ಸಹಿ ಹಾಕುವುದಿಲ್ಲ."

ಇದರಲ್ಲಿ ಪ್ರತಿ ಮಾತೂ ನಿಜ. ಭದ್ರತಾ ಅಧಿಕಾರಿ ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟು ತಣ್ಣಗೆ?" ಎಂದರು.

"ನಮ್ಮ ಶೀತಲ ಪೆಟ್ಟಿಗೆಯ ಉಷ್ಣತೆ ಎಷ್ಟು ಕೆಳಗೆ ಹೋಗುತ್ತದೋ ಅಷ್ಟೂ. ಒಳಗೇನಿದೆಯೋ ನನಗೆ ಗೊತ್ತಿಲ್ಲವಲ್ಲ."

ನಿರ್ದೇಶಕರು ಹಣೆ ಉಜ್ಜಿಕೊಂಡರು. ಈ ಸಲ ಅವರ ಇಂಗ್ಲಿಷ್ ಮೆತ್ತಗಿರಲಿಲ್ಲ. "ಇದನ್ನು ಎಷ್ಟೋ ಮೊದಲೇ ಮಾಡಬೇಕಿತ್ತು. ಸಾಗಣೆಯ ದಿನ ಮುಂದಕ್ಕೆ ಹೋಗುತ್ತದೆ. ವಿಳಂಬಕ್ಕೆ ನಿಮ್ಮ ವಿಭಾಗವೇ ಕಾರಣ ಎಂದು ನಾನು ಮೇಲಕ್ಕೆ ಬರೆಯಬೇಕಾಗುತ್ತದೆ. ತಿಳಿದಿದೆಯೇ?"

"ತಿಳಿದಿದೆ."

"ಖಲಾಸ್, ಮಾತು ಸಾಕು. ಮಾಡಿ."

ದಿಮ್ಮಿಯನ್ನು ಪೆಟ್ಟಿಗೆಯೊಳಗಿಟ್ಟು, ಉಂಗುರದ ಒಂದು ಮಗ್ಗುಲಿಗೆ ಸಾರಜನಕದ ತಣ್ಣನೆಯ ಅನಿಲ ಹಾಯಿಸಿದೆವು. ಬಿಗಿತದ ಗೆರೆ ಪರದೆಯೊಳಗಿನದೇ ರೀತಿ ಮೆಲ್ಲಗೆ ಇಳಿಯಿತು, ನಿಂತಿತು. ಆಮೇಲೆ ಹಾಗೇ ತಣ್ಣಗಿಟ್ಟು ನಡುಗಿಸುವ ಯಂತ್ರದ ಮೇಲೆ ಏರಿಸಿದೆವು. ಮೊದಲು ಎಂದಿನ ಗುಡುಗಿನಂಥ ಸದ್ದು. ನಡುಕ ಏರುತ್ತಿದ್ದಂತೆ ಅದರೊಳಗಿಂದ ಬೇರೊಂದು ಸದ್ದು ಕೇಳಿಸಿತು, ಸಡಿಲಾದ ಬಾಗಿಲಿನ ಚಿಲಕ ಗಾಳಿಗೆ ಬಡಿದುಕೊಳ್ಳುವಂತೆ. ಉಂಗುರಗಳು ತೆರೆದು ಮುಚ್ಚುತ್ತಿದ್ದವು. ಯಂತ್ರ ನಿಲ್ಲಿಸಿ ಎಂದು ನಾನು ಕೂಗುವ ಮೊದಲೇ ನಿರ್ದೇಶಕರು ಕೆಂಪು ಗುಂಡಿ ಒತ್ತಿದ್ದರು.

ಪರಿಹಾರ ಕಷ್ಟದ್ದಾಗಿರಲಿಲ್ಲ. ಉಪಗ್ರಹಕ್ಕೂ ಉಂಗುರಕ್ಕೂ ನಡುವೆ ಚಳಿ ದಾಟದಂತೆ ಗಾಜಿನ ನಾರಿನ ತೆಳು ಬಿಲ್ಲೆಗಳು, ಜೊತೆಗೆ ಪಟ್ಟಿಯನ್ನು ಮೊದಲಿಗಿಂತ ಹೆಚ್ಚು ಬಿಗಿಯುವುದು. ದಿಮ್ಮಿಯ ಮೇಲೆ ಅದು ಸರಿಬಂತು. ನಿಜವಾದದ್ದಕ್ಕೆ ಬಿಗಿಯುವಾಗ ಅಂಕಿಗಳನ್ನು ಆಗಿಂದಾಗಲೇ ನೋಡಿ ಹೇಳಬೇಕಿತ್ತು. ಅದಕ್ಕಾಗಿ ನನ್ನನ್ನು ಪರದೆಯ ಈಚೆ, ಅಂಕಿ ತೋರಿಸುವ ಒಂದು ಸಣ್ಣ ಯಂತ್ರದ ಮುಂದೆ ಕೂರಿಸಿದರು. ಅವಳು ಆಚೆ. ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟಿದ್ದರಿಂದ ಪರದೆಯ ಕೆಳಗಿನಿಂದ ಚಳಿ ಬಂದು ನನ್ನ ಪಾದಕ್ಕೆ ಮುಟ್ಟುತ್ತಿತ್ತು. ಕನ್ನಡ ಬೇಡ, ಇಂಗ್ಲಿಷಿನಲ್ಲೇ ಮಾತಾಡಿ ಎಂದಿದ್ದರು. ಸ್ವಲ್ಪ ಹೊತ್ತು ಹಾಗೇ ಮಾಡಿದೆವು. ಕೆಲಸ ಬಿಗಿಯಾದಂತೆ ಮರೆತುಹೋಯಿತು.

"ಎಡಕ್ಕ ಹೊಡಿ. ಇನ್ನೊಂಚೂರು."

ಟಪ್, ಟಪ್.

"ಈಗ?"

"ಏರಲಿಕತ್ತೈತಿ. ಕೈ ಬಿಡಬ್ಯಾಡ. ಅದರ ಎದುರಿನ ಕಡೆ ಹೊಡಿ."

"ಇಲ್ಲಿ ಕೈ ಹೋಗುದಿಲ್ಲ ಅಕ್ಕ, ಅಡ್ಡ ಒಂದು..." ಎಂದು ಅವಳು ಫಕ್ಕನೆ ನಿಂತಳು.

"ಗೊತ್ತಾತು. ಬಿಡು. ಅದರ ಹಿಂದಿಂದು ಹೊಡಿ."

ಆ ಅಡ್ಡ ಇದ್ದದ್ದು ಏನು ಎಂಬುದು ನನ್ನನ್ನು ಮುಳ್ಳಿನಂತೆ ಚುಚ್ಚಿತು. ಸುತ್ತಿಗೆಯ ಸದ್ದಿನಿಂದಲೇ ಅವಳು ಎಲ್ಲಿ ನಿಂತಿದ್ದಾಳೆ, ಮೊಣಕಾಲೂರಿದ್ದಾಳೋ ಬಾಗಿದ್ದಾಳೋ ಹೇಳಬಲ್ಲವಳಾಗಿದ್ದೆ. ಅವಳ ಮುಂದೆ ಏನಿತ್ತೆಂದು ಮಾತ್ರ ಹೇಳಲಾರದವಳಾಗಿದ್ದೆ. ಬಿಗಿತ ಸುತ್ತಲೂ ಸಮನಾಯಿತು. ಮರುದಿನ ನೋಡಿದಾಗಲೂ ಹಾಗೇ ಇತ್ತು. ನಾನು ಸಹಿ ಹಾಕಿದೆ.

ಅಂದು ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ಸೀಟ್‌ಬೆಲ್ಟ್ ಹಾಕಿಕೊಂಡಳು. ಆಮೇಲೆ, "ಅಕ್ಕ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಏನು?"

"ಎಂತ ಅಂತ ನಿಮಗೆ ಗೊತ್ತುಂಟು." ಅವಳ ದನಿ ಒಡೆಯಿತು. "ಒಳಗೆ ನಾನು ಅವರತ್ರ ಹೇಳಿದೆ, ಹೀಗೆ ಇರಬಹುದು, ಹೊರಗಿನವರಿಗೆ ಒಂದು ಮಾತು ತಿಳಿಸುವ ಅಂತ. ಮೇಲಿನಿಂದ ಅನುಮತಿ ಬರ್ಲಿ ಅಂದ್ರು. ನನಗೆ ಬಾಯಿ ಇದ್ದೂ ಇಲ್ಲದ ಹಾಗೆ. ನೀವು ಸಭೆಯಲ್ಲಿ ನನ್ನ ಮೇಲೆ ತಪ್ಪು ಹಾಕಿದ ದಿನ ಮನೆಗೆ ಹೋಗಿ ಕಣ್ಣೀರು ಹಾಕಿ ಕೂಗಿದೆ, ಮಾರಾಯ್ರೆ."

ನನಗೆ ಏನೂ ಗೊತ್ತಿಲ್ಲ, ಅದು ಮಾಮೂಲಿ ಪರೀಕ್ಷೆ ಎಂದೆ. ಅವಳಿಗೆ ಸುರಕ್ಷಿತವಾಗಿದ್ದದ್ದು ಆ ಉತ್ತರವೇ. ಅವಳು ನಂಬಲಿಲ್ಲ, ನಂಬಿದಂತೆ ತಲೆಯಾಡಿಸಿದಳು. ಮುಂದಿನ ವಾರ ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದೂ ನಾನೇ. ಹಿಂತಿರುಗುವಾಗ ಪಕ್ಕದ ಸೀಟು ಖಾಲಿಯಿತ್ತು. ಅವಳಿಗಾಗಿ ನನ್ನ ಹೆಸರಿನ ಮೇಲೆ ವಿಳಂಬದ ಕಲೆ ಹಚ್ಚಿಕೊಂಡೆ ಎಂಬ ಸಮಾಧಾನ ಬರಬೇಕಿತ್ತು. ಬಂದದ್ದು ಹೊಟ್ಟೆಯುರಿಯೇ.

ಉಡಾವಣೆಯನ್ನು ಕೇಂದ್ರದ ದೊಡ್ಡ ಪರದೆಯಲ್ಲಿ ಎಲ್ಲರೂ ನೋಡಿದೆವು. ರಾಕೆಟ್ ಮೇಲೇರಿದ ಆ ನಡುಕದ ನಿಮಿಷಗಳಲ್ಲಿ ನಾನು ಮೂಲೆಯಲ್ಲಿದ್ದ ಬಿಗಿತದ ಅಂಕಿಗಳನ್ನೇ ನೋಡುತ್ತಿದ್ದೆ, ಪಟ್ಟಿ ಹಿಡಿಯಿತು. ಕಕ್ಷೆಯಲ್ಲಿ ಉಪಗ್ರಹ ಬಿಡುವ ಹೊತ್ತಿಗೆ, ಮೊದಲೇ ಹೇಳಿದ್ದಂತೆ, ನೇರ ಪ್ರಸಾರ ನಿಲ್ಲಿಸಿದರು. ಚಿತ್ರವೂ ಇಲ್ಲ, ಅಂಕಿಯೂ ಇಲ್ಲ. ಹಾಲ್‌ನಲ್ಲಿದ್ದವರು ಕಾಫಿಗೆ ಹೋದರು. ನಾನು ಅಲ್ಲೇ ಕುಳಿತೆ. ಅದು ಓರೆಯಾಗಿ ನೇತಾಡುತ್ತಿರುವಂತೆ ಮತ್ತೆ ಮತ್ತೆ ಕಾಣುತ್ತಿತ್ತು.

ಕೊನೆಗೆ ಫೋನ್ ಬಂತು. ಹಿಂದೆ ಜನ ಚಪ್ಪಾಳೆ ತಟ್ಟುವ, ಕೂಗುವ ಸದ್ದು. ಅವಳು ಅಳುತ್ತಿದ್ದಳು.

"ಅಕ್ಕ, ಬಿಟ್ಟಿತು! ನೇರ ಹೋಯ್ತು, ಸ್ವಲ್ಪ ಸಹ ವಾಲಲಿಲ್ಲ. ಅವರು ಕಿಟಕಿಯಿಂದ ತೋರಿಸಿದ್ರು, ನಾವೆಲ್ಲ ನೋಡಿದೆವು."

ಆ ಮೂವರೂ ಮನೆಗೆ ಬರಬಹುದು ಎಂಬುದು ಮೊದಲು ತಲೆಗೆ ಬಂತು. ಆಮೇಲೆ ನನಗೇ ತಿಳಿಯದಂತೆ ಬಾಯಿಂದ ಬಂದುಬಿಟ್ಟಿತು: "ಹೆಂಗ ಕಾಣ್ತು? ಹೇಳು, ಹೆಂಗಿತ್ತದು?"

ಆಚೆ ಚಪ್ಪಾಳೆಯ ಸದ್ದು ದೂರವಾಯಿತು, ಅವಳು ಪಕ್ಕಕ್ಕೆ ಸರಿದಿರಬೇಕು.

"ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ," ಎಂದಳು.

"ಇರಲಿ," ಎಂದೆ. "ಚೊಲೋ ಆತು." ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಫೋನ್ ಇಟ್ಟು, ಖಾಲಿ ಹಾಲ್‌ನಲ್ಲಿ, ಏನೂ ಕಾಣದ ಆ ಪರದೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ.